ಕಾಲುಸಂಕದ ಮೇಲೆ ಕೈಬಿಟ್ಟ ಗದೆ

ಹಳ್ಳ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅದರ ಮೇಲೆ ಅಡಿಕೆ ಮರ ಸೀಳಿ ಹಾಕಿದ ಕಾಲುಸಂಕ. ಸಂಕದ ನಡುವೆ ಚಿಕ್ಕಪ್ಪನ ಪಾತ್ರ ಕಾಳಿಂಗ ಬಾಣ ತಾಗಿ ಬಿದ್ದಿದ್ದ. ಜೀವ ಹೋಗಿರಲಿಲ್ಲ, ಎಚ್ಚರವೂ ಇರಲಿಲ್ಲ. ನನ್ನ ಪಾತ್ರ ಬೊಮ್ಮಕ್ಕ ಅವನ ಹತ್ತಿರ ಬಂದು ನಿಂತಿದ್ದಳು. ಬಲಗೈಯಲ್ಲಿ ಗದೆ, ಎಡಗೈಯಲ್ಲಿ ಗುರಾಣಿ.

“ಕ್ಯೂರ್ ವೂಂಡ್ಸ್ ಹಾಕ್ತೀನಿ” ಅಂದೆ. ಗಾಯ ವಾಸಿ ಮಾಡುವ ಮಂತ್ರ ಅದು.

ಆಟ ನಡೆಸುತ್ತಿದ್ದ ಅಣ್ಣ ಕೇಳಿದ, “ಯಾವ ಕೈಯಲ್ಲಿ?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವನು ಪುಸ್ತಕ ತೆರೆದು ತೋರಿಸಿದ. ಮಾತಿನಲ್ಲೇ ಪಾತ್ರ ಆಗಿ, ದಾಳ ಹಾಕಿ ಆಡುವ ಈ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಒಂದೊಂದು ಮಂತ್ರಕ್ಕೆ ಒಂದೊಂದು ಬೇಡಿಕೆ ಇರುತ್ತದೆ. ಕೆಲವಕ್ಕೆ ಬಾಯಲ್ಲಿ ಹೇಳಿದರೆ ಸಾಕು. ಕೆಲವಕ್ಕೆ ಕೈಮುದ್ರೆಯೂ ಬೇಕು. ಕೆಲವಕ್ಕೆ ಏನಾದರೊಂದು ವಸ್ತುವೂ ಬೇಕು. ಕ್ಯೂರ್ ವೂಂಡ್ಸ್‌ಗೆ ಮಾತು ಮತ್ತು ಮುದ್ರೆ. ಮುದ್ರೆ ಮಾಡಲು ಒಂದು ಕೈ ಖಾಲಿ ಇರಬೇಕು. ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಾಲಿನ ಕ್ಯಾನು ಹಿಡಿದು ಬರುವಾಗ ಎದುರಿಗೆ ಹಿರಿಯರು ಸಿಕ್ಕರೆ ಕೈ ಮುಗಿಯೋಕೆ ಆಗಲ್ಲ, ಅಲ್ವಾ? ಹಾಗೇ ಇದು.

ಒಂದು ಸರದಿಯಲ್ಲಿ ಒಂದು ಚಿಕ್ಕ ಕೈಕೆಲಸ ಪುಕ್ಕಟೆ ಸಿಗುತ್ತದೆ. ಗದೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಿತ್ತು. ಆದರೆ ಅದೇ ಸರದಿಯ ಶುರುವಿನಲ್ಲಿ ಆಚೆ ದಡದವನಿಗೆ ಹೊಡೆಯೋಣ ಅಂತ ಗದೆ ಹೊರಗೆ ತೆಗೆದಿದ್ದೆ. ಅಲ್ಲಿಗೆ ಆ ಅವಕಾಶ ಮುಗಿದಿತ್ತು. ಬರೀ ಮಾತಿನಲ್ಲಿ ವಾಸಿ ಮಾಡುವ ಹೀಲಿಂಗ್ ವರ್ಡ್ ಮಂತ್ರವನ್ನು ಆ ದಿನ ತಯಾರಿ ಮಾಡಿಕೊಂಡಿರಲಿಲ್ಲ. ಆಮೇಲೆ ಒಂದು ದಿನವೂ ಅದನ್ನು ಬಿಟ್ಟಿಲ್ಲ. ಉಳಿದದ್ದು ಒಂದೇ ದಾರಿ. ಗದೆ ಕೈಬಿಡುವುದು.

ಕೈಬಿಟ್ಟೆ. ಅದು ಸಂಕಕ್ಕೆ ಬಡಿದು ಹಳ್ಳಕ್ಕೆ ಬಿತ್ತು. ಕಾಳಿಂಗ ಕಣ್ಣು ಬಿಟ್ಟ. ಮುಂದಿನ ಸುತ್ತಿನಲ್ಲಿ ಮರಗಳ ಹಿಂದಿನಿಂದ ಮೂರು ಬಾಣ ನನಗೇ ತಾಗಿದವು. ನಾನು ಹಿಡಿದುಕೊಂಡಿದ್ದ ಬ್ಲೆಸ್ ಮಂತ್ರವೂ ಮುರಿಯಿತು. ಹೇಗೋ ಬದುಕಿ ದಡ ಸೇರಿದೆವು. ಆ ರಾತ್ರಿ ನಾಲ್ವರೂ ಬಲದಲ್ಲಿ ಒಂದು ಮೆಟ್ಟಿಲು ಮೇಲೆ, ನಾಲ್ಕನೇ ಲೆವೆಲ್‌ಗೆ ಏರಿದೆವು.

ಇದು ಕಳೆದ ಮಳೆಗಾಲದ ಮಾತು. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ತೋಟದ ಕೆಲಸ ಅರ್ಧ ನಿಲ್ಲುತ್ತದೆ. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಉಪ್ಪರಿಗೆಯಲ್ಲಿ ಐದು ಜನ ಸೇರುತ್ತೇವೆ. ಆಟ ನಡೆಸುವವನು ದೊಡ್ಡಪ್ಪನ ಮಗ. ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸ ಸಮೇತ ಊರಿಗೆ ಬಂದವನು. ಪುಸ್ತಕ, ದಾಳ, ಎಲ್ಲ ಅವನದೇ. ನನ್ನ ಬೊಮ್ಮಕ್ಕ ಕುಳ್ಳ ಜನಾಂಗದ ಕ್ಲೆರಿಕ್, ಅಂದರೆ ದೇವರ ಬಲದಿಂದ ಮಂತ್ರ ಹಾಕುವವಳು. ಪಿಯುಸಿ ಓದುವ ತಂಗಿಯ ಪಾತ್ರ ಮಿಣುಕು, ಗ್ನೋಮ್ ಅನ್ನುವ ಪುಟ್ಟ ಜನಾಂಗದ ವಿಝರ್ಡ್, ಅಂದರೆ ಪುಸ್ತಕ ಓದಿ ಮಂತ್ರ ಕಲಿತವಳು. ಚಿಕ್ಕಪ್ಪನ ಕಾಳಿಂಗ ಕಳ್ಳ. ಪಕ್ಕದ ಮನೆಯ ಹುಡುಗ ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಾನೆ, ಶನಿವಾರ ಸಂಜೆಯ ಬಸ್ಸಿಗೆ ಬರುತ್ತಾನೆ. ಅವನ ನೆರಳ ಅನ್ನುವ ಪಾತ್ರ ವಾರ್ಲಾಕ್. ಯಾವುದೋ ದೊಡ್ಡ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡು ಮಂತ್ರ ಪಡೆದವನು.

ಚಿಕ್ಕಪ್ಪನಿಗೆ ಈ ಆಟ ವಿವರಿಸುವ ಕಷ್ಟ ಬೀಳಲೇ ಇಲ್ಲ. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನಲ್ಲೇ ಪಾತ್ರ ಆಗುವುದು ಅವರಿಗೆ ಹೊಸದಲ್ಲ. ಮೊದಲ ದಿನವೇ “ಪ್ರಸಂಗ ಯಾವುದು, ನನ್ನ ಎದುರು ಯಾರು, ಅಷ್ಟು ಹೇಳು ಸಾಕು” ಅಂದಿದ್ದರು.

ನಾಲ್ಕನೇ ಲೆವೆಲ್ ಯಾಕೆ ದೊಡ್ಡದು ಅಂದರೆ, ಅಲ್ಲಿ ಮೊದಲ ಸಲ ಒಂದು ಆಯ್ಕೆ ಬರುತ್ತದೆ. ಪಾತ್ರದ ಬುದ್ಧಿ, ಚುರುಕು, ಮೈಗಟ್ಟಿ ಇಂಥ ಆರು ಅಂಕಗಳಲ್ಲಿ ಒಟ್ಟು ಎರಡು ಹೆಚ್ಚಿಸಿಕೊಳ್ಳಬಹುದು. ಅದು ಬೇಡ ಅಂದರೆ ಒಂದು ಫೀಟ್ ತೆಗೆದುಕೊಳ್ಳಬಹುದು. ಫೀಟ್ ಅಂದರೆ ಕುಸ್ತಿಯವರು ಕಲಿಯುವ ಪಟ್ಟಿನ ಹಾಗೆ, ಆ ಪಾತ್ರಕ್ಕೆ ಮಾತ್ರ ಬರುವ ಒಂದು ವಿಶೇಷ ವಿದ್ಯೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ತಂದಾಗ ಫೀಟ್ ಇರಲಿಲ್ಲ. ಅದು ಬಂದದ್ದು 2000ದ ಮೂರನೇ ಆವೃತ್ತಿಯಲ್ಲಿ. ನಾವು ಆಡುವುದು 2014ರ ಐದನೇ ಆವೃತ್ತಿಯ ನಿಯಮ. ಅದರಲ್ಲಿ ಫೀಟ್ ಬಳಸುವುದು ಬಿಡುವುದು ಆಡುವವರಿಗೆ ಬಿಟ್ಟದ್ದು. ಹೆಚ್ಚಿನ ಪಾತ್ರಗಳಿಗೆ ಈ ಆಯ್ಕೆ 4, 8, 12, 16, 19ನೇ ಲೆವೆಲ್‌ಗಳಲ್ಲಿ ಮಾತ್ರ ಬರುತ್ತದೆ. ನಮ್ಮ ವೇಗದಲ್ಲಿ ಎಂಟನೇ ಲೆವೆಲ್ ಬರುವುದು ಬಹುಶಃ ಮುಂದಿನ ಮಳೆಗಾಲಕ್ಕೆ. ಹಾಗಾಗಿ ತಪ್ಪು ಆಯ್ಕೆ ಮಾಡಿದರೆ ಒಂದು ವರ್ಷ ಅದರ ಜೊತೆ ಬಾಳಬೇಕು.

ಅಣ್ಣ ಎರಡು ವಾರ ಸಮಯ ಕೊಟ್ಟ.

ಮೊದಲ ವಾರ ನಾವು ಮಾಡಿದ್ದು ಸುಮ್ನೆ ವಾದ. ಹುಡುಗ ಎಲ್ಲಿಂದಲೋ ಒಂದು ಪಟ್ಟಿ ಬರೆದುಕೊಂಡು ಬಂದಿದ್ದ. ಯಾವ ಫೀಟ್ ಚಿನ್ನ, ಯಾವುದು ಬೆಳ್ಳಿ, ಯಾವುದು ಮುಟ್ಟಲೇಬಾರದು ಅಂತ. ತಂಗಿ ಬೆಂಕಿಯ ಫೀಟ್ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಚಿಕ್ಕಪ್ಪ ಕೊಳೆ ಔಷಧಿ ಹೊಡೆಸಲು ಮಳೆ ಬಿಡುವು ಕೊಟ್ಟಿತು ಅಂತ ತೋಟಕ್ಕೆ ಹೋದವರು ಸಂಜೆಗೇ ಬಂದದ್ದು. ನನಗೆ ಆ ಪಟ್ಟಿ ನೋಡಿ ಸಮಾಧಾನ ಆಗಲಿಲ್ಲ. ಅದನ್ನು ಬರೆದವರು ನಮ್ಮ ಕಾಡಿನಲ್ಲಿ ಆಡಿಲ್ಲ. ಅಣ್ಣ ಕಟ್ಟಿದ ಲೋಕ ಅಂದರೆ ನಮ್ಮ ಸುತ್ತಮುತ್ತಲಿನದೇ. ಕೆಳದಿ ನಾಯಕರ ಕವಲೇದುರ್ಗದ ಹಾಗೆ ಬಾಗಿಲ ಹಿಂದೆ ಬಾಗಿಲು ಇರುವ ಬೆಟ್ಟದ ಕೋಟೆ, ಕೋಟೆಗೆ ಹೋಗುವ ಕಾಡುದಾರಿ, ಹಳ್ಳ, ಸಂಕ, ಮಂಜು. ಬಯಲು ಅನ್ನುವುದೇ ಇಲ್ಲ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅಡಿಕೆ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದ ಹಿಂದಿನ ಹಾಳೆಗಳು. ಮೊದಲ ದಿನದಿಂದ ಪ್ರತಿ ಜಗಳದಲ್ಲಿ ಯಾರು ಏನು ಮಾಡಿದರು ಅಂತ ಗೀಚಿಡುವ ಅಭ್ಯಾಸ. ಆ ಮಂಗಳವಾರ ರಾತ್ರಿ ಕರೆಂಟ್ ಹೋಗಿತ್ತು. ಚಾರ್ಜಿಂಗ್ ಲೈಟ್ ಇಟ್ಟುಕೊಂಡು ಮೊದಲಿನಿಂದ ಓದಿದೆ. ಫೀಟ್‌ಗಳ ಅಧ್ಯಾಯ ಪಕ್ಕಕ್ಕಿಟ್ಟು, ನಾವು ಸೋತ ಜಾಗಗಳನ್ನು ಮಾತ್ರ ಗುರುತು ಹಾಕುತ್ತಾ ಹೋದೆ. ಪ್ರತಿಯೊಬ್ಬರದೂ ಒಂದೇ ಥರ ಸೋಲು ಮತ್ತೆ ಮತ್ತೆ ಬಂದಿತ್ತು.

ನನ್ನದು ಹೀಗೆ. ಬ್ಲೆಸ್ ಅಂದರೆ ಮೂವರನ್ನು ಹರಸುವ ಮಂತ್ರ. ಒಂದು ನಿಮಿಷದವರೆಗೆ ಅವರ ಪ್ರತಿ ಹೊಡೆತಕ್ಕೂ, ಪ್ರತಿ ತಪ್ಪಿಸಿಕೊಳ್ಳುವ ದಾಳಕ್ಕೂ ನಾಲ್ಕು ಮುಖದ ದಾಳ ಒಂದು ಸೇರುತ್ತದೆ. ಆದರೆ ಹಾಕಿದವಳು ಅದರ ಮೇಲೆ ಮನಸ್ಸಿಟ್ಟಿರಬೇಕು. ಇದನ್ನು ಕಾನ್ಸಂಟ್ರೇಶನ್ ಅನ್ನುತ್ತಾರೆ. ಒಂದು ಸಲಕ್ಕೆ ಇಂಥ ಒಂದೇ ಮಂತ್ರ ಹಿಡಿಯಬಹುದು. ಪೆಟ್ಟು ಬಿದ್ದಾಗಲೆಲ್ಲ ಇಪ್ಪತ್ತು ಮುಖದ ದಾಳ ಹಾಕಿ ಮೈಗಟ್ಟಿಯ ಅಂಕ ಕೂಡಿಸಿ ಕನಿಷ್ಠ 10 ತರಬೇಕು. ಪೆಟ್ಟಿನ ಅರ್ಧ 10ಕ್ಕಿಂತ ಜಾಸ್ತಿ ಆದರೆ ಅಷ್ಟು ತರಬೇಕು. ಮೂರು ಬಾಣ ತಾಗಿದರೆ ಮೂರು ಸಲ ಬೇರೆ ಬೇರೆ. ನೋಟ್‌ಬುಕ್ ಪ್ರಕಾರ ನಾನು ಆವರೆಗೆ 19 ಸಲ ಹೀಗೆ ದಾಳ ಹಾಕಿದ್ದೆ. 8 ಸಲ ಮಂತ್ರ ಮುರಿದಿತ್ತು.

ಬೊಮ್ಮಕ್ಕನ ಮೈಗಟ್ಟಿ 15. ಅದಕ್ಕೆ ಸಿಗುವುದು 2. ಹಾಗಾಗಿ ದಾಳದಲ್ಲಿ 8 ಅಥವಾ ಮೇಲೆ ಬಿದ್ದರೆ ಉಳಿಯುತ್ತದೆ. ನೂರಕ್ಕೆ 65. ಕೇಳಲು ಚೆನ್ನಾಗಿದೆ. ಆದರೆ ಮೂರು ಬಾಣ ತಾಗಿದರೆ ಮೂರೂ ಸಲ ಉಳಿಯುವ ಸಾಧ್ಯತೆ ನೂರಕ್ಕೆ 27 ಮಾತ್ರ. ಸಂಕದ ಮೇಲೆ ಆದದ್ದು ಅದೇ.

ಇದಕ್ಕೆ ಎರಡು ಮದ್ದು. ಒಂದು ರೆಸಿಲಿಯಂಟ್. ಅದು ಮೈಗಟ್ಟಿಯನ್ನು ಒಂದು ಅಂಕ ಏರಿಸುತ್ತದೆ, ಜೊತೆಗೆ ಮೈಗಟ್ಟಿಯಿಂದ ತಪ್ಪಿಸಿಕೊಳ್ಳುವ ಎಲ್ಲ ದಾಳಕ್ಕೂ ತರಬೇತಿಯ ಅಂಕ ಸೇರಿಸುತ್ತದೆ. ನನ್ನ 15 ಬೆಸ ಸಂಖ್ಯೆ. ಈ ಆಟದಲ್ಲಿ ಲಾಭ ಏರುವುದು ಸಮ ಸಂಖ್ಯೆಗೆ ಹೋದಾಗ. 16 ಆದರೆ 2ರ ಬದಲು 3. ತರಬೇತಿಯ 2 ಸೇರಿ 5. ಆಗ ನೂರಕ್ಕೆ 80. ಮೇಲಿಂದ ನಾಲ್ಕು ಜೀವಾಂಕವೂ ಜಾಸ್ತಿ ಸಿಗುತ್ತದೆ. ವಿಷ ತಡೆಯಲೂ ಇದೇ ದಾಳ ಬೇಕಾಗುವುದರಿಂದ ಅಲ್ಲೂ ಉಪಯೋಗ.

ಇನ್ನೊಂದು ವಾರ್ ಕಾಸ್ಟರ್. ಅದು ಅಂಕ ಏರಿಸುವುದಿಲ್ಲ. ಪೆಟ್ಟು ಬಿದ್ದು ಕಾನ್ಸಂಟ್ರೇಶನ್ ಉಳಿಸಿಕೊಳ್ಳುವಾಗ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಲು ಬಿಡುತ್ತದೆ. ಎರಡೂ 7 ಅಥವಾ ಕೆಳಗೆ ಬಿದ್ದರೆ ಮಾತ್ರ ಮಂತ್ರ ಹೋಗುತ್ತದೆ. ಹಾಗಾಗಿ ನೂರಕ್ಕೆ ಸುಮಾರು 88. ಮೂರು ಬಾಣದ ಲೆಕ್ಕ ಹಾಕಿದರೆ ರೆಸಿಲಿಯಂಟ್‌ನಲ್ಲಿ 51, ವಾರ್ ಕಾಸ್ಟರ್‌ನಲ್ಲಿ 68. ಇವತ್ತಿನ 27ರ ಎದುರು ಇಟ್ಟು ನೋಡಿ.

ಇಷ್ಟೇ ಆಗಿದ್ದರೆ ನಾನು ಇನ್ನೂ ಯೋಚಿಸುತ್ತಿದ್ದೆ. ಯಾಕೆಂದರೆ ತರಬೇತಿಯ ಅಂಕ ಲೆವೆಲ್ ಜೊತೆ ಬೆಳೆಯುತ್ತದೆ, ಎರಡು ದಾಳದ ಲಾಭ ಬೆಳೆಯುವುದಿಲ್ಲ. ಒಂಬತ್ತನೇ ಲೆವೆಲ್‌ಗೆ ಹೋದರೆ ರೆಸಿಲಿಯಂಟ್ ನೂರಕ್ಕೆ 90 ಮುಟ್ಟಿ ವಾರ್ ಕಾಸ್ಟರನ್ನು ದಾಟುತ್ತದೆ. ದೂರ ನೋಡುವವರಿಗೆ ಅದೇ ಸರಿ ಅನ್ನಿಸಬಹುದು. ಆದರೆ ವಾರ್ ಕಾಸ್ಟರ್‌ಗೆ ಇನ್ನೂ ಎರಡು ಭಾಗ ಇದೆ. ಒಂದು, ಎರಡೂ ಕೈಯಲ್ಲಿ ಆಯುಧ, ಗುರಾಣಿ ಇದ್ದರೂ ಮುದ್ರೆ ಮಾಡಬಹುದು. ಆ ಸಾಲು ಓದುವಾಗ ಹಳ್ಳಕ್ಕೆ ಬಿದ್ದ ಗದೆಯ ಸದ್ದು ಮತ್ತೆ ಕೇಳಿದ ಹಾಗಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಕ್ಲೆರಿಕ್ ಆಡುವ ಬಹಳ ಜನ ಗಮನಿಸುವುದಿಲ್ಲ. ಬ್ಲೆಸ್‌ಗೆ ನನಗೆ ಈ ತೊಂದರೆ ಯಾವತ್ತೂ ಬಂದಿರಲಿಲ್ಲ. ಅದಕ್ಕೆ ತೀರ್ಥದ ನೀರು ಅನ್ನುವ ವಸ್ತು ಬೇಕು. ವಸ್ತು ಬೇಕಾದ ಮಂತ್ರಕ್ಕೆ ಆ ವಸ್ತುವಿನ ಬದಲು ದೇವರ ಗುರುತು ಸಾಕು. ನನ್ನ ದೇವರ ಗುರುತು ಗುರಾಣಿಯ ಮೇಲೇ ಇದೆ. ಗುರುತು ಹಿಡಿದ ಕೈಯೇ ಆಗ ಮುದ್ರೆಯನ್ನೂ ಮಾಡುತ್ತದೆ. ಕ್ಯೂರ್ ವೂಂಡ್ಸ್‌ಗೆ ವಸ್ತು ಬೇಡ. ಅದಕ್ಕೇ ಆ ರಿಯಾಯಿತಿಯೂ ಇಲ್ಲ. ಕಷ್ಟದ ಮಂತ್ರ ಸಲೀಸು, ಸರಳ ಮಂತ್ರಕ್ಕೆ ಕೈ ಖಾಲಿ ಬೇಕು. ಇದು ವಿಚಿತ್ರ ನಿಯಮ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ನಮ್ಮ ಮೇಜಿನಲ್ಲಿ ಅಣ್ಣ ಅದನ್ನು ಬಿಡುವುದಿಲ್ಲ, ಬಿಡಬಾರದು ಅಂತಲೇ ನನ್ನ ಅಭಿಪ್ರಾಯವೂ.

ಮೂರನೆಯ ಭಾಗ, ಪಕ್ಕದಲ್ಲಿರುವ ಶತ್ರು ಜಾಗ ಬಿಟ್ಟು ಓಡುವಾಗ ಗದೆ ಬೀಸುವ ಬದಲು ಅವನೊಬ್ಬನ ಮೇಲೆ ಮಂತ್ರ ಹಾಕಬಹುದು. ಇದು ಚೆಂದ. ಸೇಕ್ರೆಡ್ ಫ್ಲೇಮ್ ಅನ್ನುವ ನನ್ನ ಚಿಕ್ಕ ಮಂತ್ರ ಎಷ್ಟು ಸಲ ಹಾಕಿದರೂ ಖರ್ಚಿಲ್ಲ. ಆದರೂ ನಾನು ಇದಕ್ಕಾಗಿ ವಾರ್ ಕಾಸ್ಟರ್ ತೆಗೆದುಕೊಳ್ಳಲಿಲ್ಲ.

ನಿರ್ಧಾರ ಹೇಳಿದಾಗ ಅಣ್ಣ ಒಂದು ಮಾತು ಹೇಳಿದ. “ನೀನು ಬ್ಲೆಸ್ ಹಾಕುವಾಗ ಯಾವಾಗಲೂ ಆ ಮೂವರಿಗೇ ಹಾಕ್ತೀಯ. ನಿನಗೇ ಹಾಕಿಕೊಂಡರೆ ನಿನ್ನ ದಾಳಕ್ಕೂ ಅದು ಸೇರುತ್ತೆ, ಗೊತ್ತಾ?” ಹೌದಲ್ಲ! ಫೀಟ್ ಇಲ್ಲದೆಯೇ 65 ಇದ್ದದ್ದು ಸುಮಾರು 77 ಆಗುತ್ತಿತ್ತು. ನಾಲ್ವರಲ್ಲಿ ಒಬ್ಬರನ್ನು ಬಿಡಬೇಕು. ನಾನು ಪ್ರತಿ ಸಲ ನನ್ನನ್ನೇ ಬಿಟ್ಟಿದ್ದೆ. ಮನೆಯಲ್ಲಿ ಬಡಿಸುವವರು ಕೊನೆಗೆ ಊಟಕ್ಕೆ ಕೂರುವ ಹಾಗೆ, ಯೋಚನೆ ಮಾಡದೆ ಮಾಡಿದ್ದು. ಈಗ ಸಂದರ್ಭ ನೋಡಿ ಬದಲಾಯಿಸುತ್ತೇನೆ.

ಮುಂದಿನ ಭಾನುವಾರ ನೋಟ್‌ಬುಕ್ ಎಲ್ಲರ ನಡುವೆ ಇಟ್ಟೆ. ಅಜ್ಜಿ ಹಲಸಿನ ಹಪ್ಪಳ ಕೆಂಡದ ಮೇಲೆ ಸುಟ್ಟು ಕಳಿಸಿದ್ದರು. ಮೊದಲು ಹುಡುಗನ ಸರದಿ.

ಅವನ ಪಟ್ಟಿಯಲ್ಲಿ ಸ್ಪೆಲ್ ಸ್ನೈಪರ್ ಕೆಳಗಿತ್ತು. ವಾರ್ಲಾಕ್ ಆದವನು ಮೊದಲು ಕರಿಸ್ಮಾ ಏರಿಸಬೇಕು ಅಂತ ಅದರಲ್ಲಿ ಬರೆದಿತ್ತು. ಕರಿಸ್ಮಾ ಅಂದರೆ ಮಾತಿನ, ಮೋಡಿಯ ಬಲ, ಅವನ ಮಂತ್ರಗಳೆಲ್ಲ ನಿಂತಿರುವುದು ಅದರ ಮೇಲೆ. 16 ಇದ್ದದ್ದು 18 ಆದರೆ ಗುರಿಗೆ ಒಂದು ಅಂಕ, ಅವನ ಎಲ್ಡ್ರಿಚ್ ಬ್ಲಾಸ್ಟ್ ಮಂತ್ರದ ಪೆಟ್ಟಿಗೂ ಒಂದು. ಸುಳ್ಳಲ್ಲ. ಆದರೆ ನೋಟ್‌ಬುಕ್ ಬೇರೆ ಹೇಳುತ್ತಿತ್ತು. ಅವನು ತಪ್ಪಿದ ಹೊಡೆತಗಳ ಪಕ್ಕದಲ್ಲೆಲ್ಲ ನಾನು “ಮರ” ಅಂತ ಬರೆದಿದ್ದೆ. ಮರ, ಮರ, ಗೋಡೆ, ಮರ.

ಮರದ ಹಿಂದೆ ಅರ್ಧ ಅಡಗಿದವನ ರಕ್ಷಣೆಯ ಅಂಕಕ್ಕೆ 2 ಸೇರುತ್ತದೆ. ಮುಕ್ಕಾಲು ಅಡಗಿದರೆ 5. ಸ್ಪೆಲ್ ಸ್ನೈಪರ್ ಇದ್ದರೆ ಆ ಎರಡೂ ಲೆಕ್ಕಕ್ಕಿಲ್ಲ. ಹಾಳೆಯ ಮೇಲೆ ಬಿಡಿಸಿದೆವು. ಶತ್ರುವಿನ ರಕ್ಷಣೆ 13 ಅಂತ ಇಟ್ಟುಕೊಳ್ಳಿ. ಬಯಲಲ್ಲಿ ನೆರಳನ ಹೊಡೆತ ನೂರಕ್ಕೆ 65 ತಾಗುತ್ತದೆ. ಕರಿಸ್ಮಾ ಏರಿಸಿದರೆ 70. ಅದೇ ಶತ್ರು ಮರದ ಹಿಂದೆ ಮುಕ್ಕಾಲು ಅಡಗಿದರೆ ಈಗಿನ ಲೆಕ್ಕಕ್ಕೆ 40, ಕರಿಸ್ಮಾ ಏರಿಸಿದರೆ 45, ಸ್ಪೆಲ್ ಸ್ನೈಪರ್ ಇದ್ದರೆ 65. ಬಯಲು ಸೀಮೆಯಲ್ಲಿ ಆಡುವವರಿಗೆ ಕರಿಸ್ಮಾ ಸರಿ. ನಮಗೆ ಬಯಲೇ ಇಲ್ಲ.

ಅದೇ ಫೀಟ್ ಮಂತ್ರದ ದೂರವನ್ನು 120 ಅಡಿಯಿಂದ 240 ಅಡಿಗೆ ಏರಿಸುತ್ತದೆ. ಹೆಚ್ಚಿನವರು ಅದನ್ನೇ ಮುಖ್ಯ ಲಾಭ ಅಂತ ನೋಡುತ್ತಾರೆ. ನಮಗೆ ಅದು ಕೆಲಸಕ್ಕೆ ಬರುವುದಿಲ್ಲ. ಈ ಕಾಡಿನಲ್ಲಿ 240 ಅಡಿ ಆಚೆ ಏನು ಕಾಣುತ್ತದೆ? ಮಂಜು ಇಳಿದರೆ ಎದುರಿನ ಅಡಿಕೆ ಮರವೇ ಕಾಣುವುದಿಲ್ಲ. ಮಂಜಿನಲ್ಲಿ ಕಾಣದವನನ್ನು, ಬಂಡೆಯ ಹಿಂದೆ ಪೂರ್ತಿ ಅಡಗಿದವನನ್ನು ಈ ಫೀಟ್ ಮುಟ್ಟುವುದಿಲ್ಲ ಅಂತ ಅಣ್ಣ ಮೊದಲೇ ಹೇಳಿದ.

ಜೊತೆಗೆ ಒಂದು ಚಿಕ್ಕ ಮಂತ್ರವೂ ಸಿಗುತ್ತದೆ. ಅದನ್ನು ಯಾವ ಪಂಗಡದ ಪಟ್ಟಿಯಿಂದ ಆರಿಸುತ್ತೇವೋ ಆ ಪಂಗಡದ ಅಂಕವೇ ಅದಕ್ಕೆ ಲೆಕ್ಕ. ಹುಡುಗ ವಿಝರ್ಡ್ ಪಟ್ಟಿಯಿಂದ ರೇ ಆಫ್ ಫ್ರಾಸ್ಟ್ ಬರೆಯಲು ಹೊರಟಿದ್ದ. ಬರೆದಿದ್ದರೆ ಅವನ ಕಡಿಮೆ ಬುದ್ಧಿಯಂಕ ಅದಕ್ಕೆ ಅಂಟುತ್ತಿತ್ತು. ಅದೇ ಮಂತ್ರ ಸಾರ್ಸರರ್ ಅನ್ನುವ ಇನ್ನೊಂದು ಪಂಗಡದ ಪಟ್ಟಿಯಲ್ಲೂ ಇದೆ. ಅಲ್ಲಿಂದ ತೆಗೆದರೆ ಕರಿಸ್ಮಾ ನಡೆಯುತ್ತದೆ. ಇಂಥ ಒಂದು ಸಾಲು ಓದದೆ ಬಿಟ್ಟು ವರ್ಷಗಟ್ಟಲೆ ಕೊರಗುವವರು ಇರುತ್ತಾರೆ. ಅವನು ಪಟ್ಟಿಯ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು “ಆಯ್ತಕ್ಕ, ಇದೇ” ಅಂದ.

ತಂಗಿಯದು ಅಷ್ಟು ಸುಲಭ ಇರಲಿಲ್ಲ.

ಅವಳ ಮಿಣುಕು ಬೆಂಕಿಯವಳು. ಮೊದಲ ದಿನದಿಂದ ಹಾಗೇ. ಎಲಿಮೆಂಟಲ್ ಅಡೆಪ್ಟ್ ಅನ್ನುವ ಫೀಟ್ ತೆಗೆದುಕೊಂಡು ಬೆಂಕಿ ಆರಿಸಿದರೆ, ಬೆಂಕಿ ತಡೆದುಕೊಳ್ಳುವ ಪ್ರಾಣಿಗೂ ಪೂರ್ತಿ ಪೆಟ್ಟು ಬೀಳುತ್ತದೆ. ಪೆಟ್ಟಿನ ದಾಳದಲ್ಲಿ 1 ಬಿದ್ದರೆ ಅದನ್ನು 2 ಅಂತ ಎಣಿಸಬಹುದು. “ನನ್ನ ಪಾತ್ರಕ್ಕೆ ಇದಲ್ಲದೆ ಇನ್ನೆಂತದು?” ಅಂತ ಅವಳ ಹಟ. ನನಗೆ ಆ ಹಟ ಅರ್ಥ ಆಗುತ್ತದೆ. ಪಾತ್ರ ಅಂದರೆ ಬರೀ ಲೆಕ್ಕ ಅಲ್ಲ. ಅದಕ್ಕೇ ಲೆಕ್ಕ ತೋರಿಸುವಾಗ ನನಗೂ ಸ್ವಲ್ಪ ಸಂಕಟ ಆಯಿತು.

ಆರು ಮುಖದ ದಾಳದ ಸರಾಸರಿ ಮೂರೂವರೆ. 1 ಅನ್ನು 2 ಮಾಡಿದರೆ ಅದು ಮೂರೂಮುಕ್ಕಾಲೂ ಆಗುವುದಿಲ್ಲ. ಐದನೇ ಲೆವೆಲ್‌ಗೆ ಅವಳಿಗೆ ಸಿಗುವ ಫೈರ್‌ಬಾಲ್ ಎಂಟು ದಾಳದ ಮಂತ್ರ, ಸರಾಸರಿ 28. ಈ ಫೀಟ್ ಇದ್ದರೆ ಸುಮಾರು 29. ಇನ್ನು ಬೆಂಕಿ ತಡೆಯುವ ಪ್ರಾಣಿಗಳು. ನೋಟ್‌ಬುಕ್ ಪೂರ್ತಿ ಹುಡುಕಿದೆವು. ಒಂದೂ ಸಿಗಲಿಲ್ಲ. ಬೆಂಕಿ ತಾಗುವುದೇ ಇಲ್ಲ ಅನ್ನುವಂಥ ಪ್ರಾಣಿ ಬಂದರೆ ಅಲ್ಲಿ ಈ ಫೀಟ್ ಕೂಡ ನಡೆಯುವುದಿಲ್ಲ.

ಮಿಣುಕು ಸೋತ ಜಾಗ ಬೇರೆ ಇತ್ತು. ಐದು ಸಲ ಅವಳು ಮೂಲೆಗೆ ಸಿಕ್ಕಿಬಿದ್ದಿದ್ದಳು. ಕೋಟೆಯ ಬಾಗಿಲ ಸಂದಿಯಲ್ಲಿ, ಬಾವಿ ಕಟ್ಟೆಯ ಹತ್ತಿರ, ಹೀಗೆ. ಪ್ರತಿ ಸಲ ಒಂದು ಪೂರ್ತಿ ಸರದಿ ಬರೀ ತಪ್ಪಿಸಿಕೊಳ್ಳಲು ಹೋಗಿತ್ತು. ಬೆಂಕಿ ಹಾಕಬೇಕಾದವಳು ಓಡುತ್ತಿದ್ದಳು.

ಅಣ್ಣನ ಹತ್ತಿರ 2020ರ ಪೂರಕ ಪುಸ್ತಕವೂ ಇದೆ. ಅದರಲ್ಲಿ ಫೇ ಟಚ್ಡ್ ಅನ್ನುವ ಫೀಟ್ ಇದೆ. ಅದು ಬುದ್ಧಿಯನ್ನು ಒಂದು ಅಂಕ ಏರಿಸುತ್ತದೆ. ಮಿಣುಕಿನ ಬುದ್ಧಿ 17, ಮತ್ತೆ ಬೆಸ ಸಂಖ್ಯೆ. 18 ಆದರೆ ಅವಳ ಎಲ್ಲ ಮಂತ್ರಕ್ಕೂ, ಬೆಂಕಿಗೂ, ಒಂದು ಅಂಕ ಜಾಸ್ತಿ. ಮಿಸ್ಟಿ ಸ್ಟೆಪ್ ಸಿಗುತ್ತದೆ. ಕಣ್ಣಿಗೆ ಕಾಣುವ ಖಾಲಿ ಜಾಗಕ್ಕೆ, 30 ಅಡಿಯೊಳಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುವುದು. ದಿನಕ್ಕೊಮ್ಮೆ ಪುಕ್ಕಟೆ. ಹೋದಮೇಲೂ ಅದೇ ಸರದಿಯಲ್ಲಿ ಅವಳ ಚಿಕ್ಕ ಬೆಂಕಿ ಮಂತ್ರ ಹಾಕಬಹುದು. ದೊಡ್ಡ ಮಂತ್ರ ಆಗುವುದಿಲ್ಲ, ಚಿಕ್ಕದು ಆಗುತ್ತದೆ.

ಹುಡುಗ ಸರಿಯಾದ ತಕರಾರು ತೆಗೆದ. “ವಿಝರ್ಡ್ ಆದವಳು ಮಿಸ್ಟಿ ಸ್ಟೆಪ್ ತನ್ನ ಪುಸ್ತಕಕ್ಕೇ ಬರೆದುಕೊಳ್ಳಬಹುದಲ್ಲ? ಅದಕ್ಕೆ ಫೀಟ್ ಯಾಕೆ?” ಬರೆದುಕೊಳ್ಳಬಹುದು. ಅದಕ್ಕೆ ಅವಳು ಕಲಿಯುವ ಮಂತ್ರಗಳಲ್ಲಿ ಒಂದು ಜಾಗ ಹೋಗುತ್ತದೆ, ಪ್ರತಿ ಸಲ ಒಂದು ಸ್ಲಾಟ್, ಅಂದರೆ ದಿನಕ್ಕೆ ಇಷ್ಟೇ ಅಂತ ಇರುವ ಮಂತ್ರದ ಅವಕಾಶಗಳಲ್ಲಿ ಒಂದು, ಹೋಗುತ್ತದೆ. ಬರೀ ಮಿಸ್ಟಿ ಸ್ಟೆಪ್‌ಗಾಗಿ ಆಗಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ತಕ್ಕಡಿ ತೂಗಿದ್ದು ಇನ್ನೊಂದು ಕಾರಣಕ್ಕೆ. ಫೇ ಟಚ್ಡ್ ಇನ್ನೊಂದು ಮೊದಲ ಮಟ್ಟದ ಮಂತ್ರವನ್ನೂ ಕೊಡುತ್ತದೆ. ಅದು ಭವಿಷ್ಯ ಕಾಣುವ ಇಲ್ಲವೇ ಮನಸ್ಸು ಸೆಳೆಯುವ ಜಾತಿಯದಾಗಿರಬೇಕು. ಬ್ಲೆಸ್ ಎರಡನೆಯ ಜಾತಿಗೆ ಸೇರುತ್ತದೆ. ವಿಝರ್ಡ್ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ, ಫೀಟ್ ಮೂಲಕ ಮಾತ್ರ ಬರುತ್ತದೆ.

ಇದು ಹೊಳೆದದ್ದು ತಂಗಿಗೇ. “ಅಕ್ಕಾ, ಐದನೇ ಲೆವೆಲ್‌ಗೆ ನಿಂಗೆ ಸ್ಪಿರಿಟ್ ಗಾರ್ಡಿಯನ್ಸ್ ಬರುತ್ತಲ್ಲ? ಅದಕ್ಕೂ ಕಾನ್ಸಂಟ್ರೇಶನ್ ಬೇಕಲ್ಲ? ಆಗ ಬ್ಲೆಸ್ ಯಾರು ಹಿಡಿಯೋದು?” ಅಂದಳು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆ ಮಂತ್ರ ಬಂದಮೇಲೆ ನಾನು ಶತ್ರುಗಳ ನಡುವೆ ನಿಂತು ಸುತ್ತ 15 ಅಡಿ ಕಾವಲು ದೇವರುಗಳನ್ನು ಹಿಡಿದಿರಬೇಕು. ಬ್ಲೆಸ್ ಬಿಡಲೇಬೇಕು. ಅವಳು ಹಿಡಿದರೆ ಬಲೆ ಹಾಕುವ ಅವಳ ವೆಬ್ ಮಂತ್ರ ಆಗ ಹಿಡಿಯಲು ಆಗುವುದಿಲ್ಲ. ಅದು ಅವಳಿಗೆ ನಷ್ಟ. ಅದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಿಟಕಿ ಆಚೆ ಮಳೆ ನೋಡಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಫೇ ಟಚ್ಡ್ ಅಂತ ಬರೆದಳು.

ಚಿಕ್ಕಪ್ಪ ಅಷ್ಟು ಹೊತ್ತು ಸುಮ್ಮನೆ ಕೂತು ಕೇಳುತ್ತಿದ್ದರು. ಅವರ ಕಾಳಿಂಗನಿಗೆ ಮಂತ್ರ ಬರುವುದಿಲ್ಲ. ಅವನ ಬಲ ಇರುವುದು ಹೊಂಚು ಹಾಕಿ ಹೊಡೆಯುವುದರಲ್ಲಿ. ಅದಕ್ಕೆ ಶತ್ರುವಿನ ಪಕ್ಕದಲ್ಲಿ ನಮ್ಮವರು ಯಾರಾದರೂ ಇರಬೇಕು, ಇಲ್ಲವೇ ಎರಡು ದಾಳದ ಅನುಕೂಲ ಸಿಗಬೇಕು. ಮರದ ಹಿಂದಿನ, ಗೋಡೆಯ ಮೇಲಿನ ಬಿಲ್ಲುಗಾರನ ಪಕ್ಕಕ್ಕೆ ನಮ್ಮಲ್ಲಿ ಯಾರೂ ತಲುಪುತ್ತಿರಲಿಲ್ಲ. ಹಕ್ಕಿ ಇದ್ದರೆ ತಲುಪುತ್ತದೆ! ಫೈಂಡ್ ಫೆಮಿಲಿಯರ್ ಅನ್ನುವ ಮಂತ್ರ ಒಂದು ಪುಟ್ಟ ಪ್ರಾಣಿಯನ್ನು ಕರೆದುಕೊಡುತ್ತದೆ. ಅದು ಶತ್ರುವಿನ ಮುಖದ ಮುಂದೆ ಹಾರಾಡಿ ಗಮನ ತಪ್ಪಿಸಿದರೆ ಕಾಳಿಂಗನಿಗೆ ಅನುಕೂಲ.

ಇದನ್ನು ಪಡೆಯಲು ಎರಡು ಫೀಟ್‌ಗಳಲ್ಲಿ ಒಂದು ಸಾಕು. ಮ್ಯಾಜಿಕ್ ಇನಿಶಿಯೇಟ್ ತೆಗೆದುಕೊಂಡರೆ ಎರಡು ಚಿಕ್ಕ ಮಂತ್ರ ಸಿಗುತ್ತವೆ, ಎಷ್ಟು ಸಲ ಬೇಕಾದರೂ ಹಾಕಬಹುದು. ಈ ದೊಡ್ಡ ಮಂತ್ರ ದಿನಕ್ಕೆ ಒಂದೇ ಸಲ. ರಿಚುಯಲ್ ಕಾಸ್ಟರ್‌ಗೆ ಬುದ್ಧಿ ಇಲ್ಲವೇ ವಿವೇಕ 13 ಇರಬೇಕು, ಕಾಳಿಂಗನ ಬುದ್ಧಿ ಸರಿಯಾಗಿ 13. ಅದರಲ್ಲಿ ಒಂದು ಮಂತ್ರದ ಪುಸ್ತಕ ಸಿಗುತ್ತದೆ. ಜಗಳದ ನಡುವೆ ಅದರಿಂದ ಏನೂ ಆಗುವುದಿಲ್ಲ, ಎಲ್ಲ ನಿಧಾನದ ಪೂಜೆಗಳು. ಮೊದಲಿಗೆ ಎರಡು ಮಂತ್ರ. ಮುಂದೆ ಎಲ್ಲಿಯಾದರೂ ಹಳೆಯ ಗ್ರಂಥ ಸಿಕ್ಕರೆ ನಕಲು ಮಾಡಿ ಸೇರಿಸಿಕೊಳ್ಳಬಹುದು. ಮಂತ್ರದ ಒಂದೊಂದು ಮಟ್ಟಕ್ಕೆ ಎರಡು ಗಂಟೆ, 50 ಚಿನ್ನದ ನಾಣ್ಯ.

ಹಕ್ಕಿಗೆ ಇರುವುದು ಒಂದೇ ಜೀವಾಂಕ. ಒಂದು ಕಲ್ಲು ಬಿದ್ದರೆ ಹೋಯಿತು. ಮ್ಯಾಜಿಕ್ ಇನಿಶಿಯೇಟ್ ಆದರೆ ಮರುದಿನದವರೆಗೆ ಕಾಯಬೇಕು. ರಿಚುಯಲ್ ಕಾಸ್ಟರ್ ಆದರೆ ಒಂದು ಗಂಟೆ ಹತ್ತು ನಿಮಿಷ ಕೂತು, 10 ಚಿನ್ನದ ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆ ಸುಟ್ಟು ಮತ್ತೆ ಕರೆಯಬಹುದು. ಆದರೆ ಚಿಕ್ಕಪ್ಪ ಆರಿಸಿದ್ದು ಈ ಲೆಕ್ಕಕ್ಕಲ್ಲ. ಪುಸ್ತಕ ಅಂದದ್ದೇ ಅವರ ಮುಖ ಅರಳಿತು. “ನನ್ನ ಹತ್ತಿರ ಪ್ರಸಂಗದ ಪುಸ್ತಕ ಎಷ್ಟಿವೆ ಗೊತ್ತಾ? ನಕಲು ಮಾಡಿಕೊಂಡು ಬಂದದ್ದೇ ಜಾಸ್ತಿ. ಕಾಳಿಂಗನೂ ಹಾಗೇ ಊರೂರು ತಿರುಗಿ ಬರೆದುಕೊಳ್ಳಲಿ” ಅಂದರು. ಚುರುಕು 16ರಿಂದ 18 ಮಾಡಿಕೊಂಡಿದ್ದರೆ ಗುರಿ, ಪೆಟ್ಟು, ರಕ್ಷಣೆ ಮೂರಕ್ಕೂ ಒಂದೊಂದು ಬರುತ್ತಿತ್ತು. ಅದು ಬಿಟ್ಟಿದ್ದಕ್ಕೆ ಅವರಿಗೆ ಒಂದು ದಿನವೂ ಬೇಸರ ಇಲ್ಲ.

ಪ್ರಾಣಿ ಯಾವುದು ಅನ್ನುವುದಕ್ಕೆ ಮಾತ್ರ ತಡವಾಯಿತು. ಗೂಬೆಯೇ ಒಳ್ಳೆಯದು, ಅದು ಹಾರಿ ಹೋಗುವಾಗ ಪಕ್ಕದವರು ಹೊಡೆಯಲು ಆಗುವುದಿಲ್ಲ ಅಂತ ಅಣ್ಣ ಹೇಳಿದ. ಹಪ್ಪಳದ ತಟ್ಟೆ ತೆಗೆದುಕೊಂಡು ಹೋಗಲು ಬಂದ ಅಜ್ಜಿಗೆ ಅದು ಕೇಳಿಸಿತು. “ಎಂತದಾ, ಗೂಬೆ ಕರೀತೀರಾ? ಮನೆ ಒಳಗೆ ಕೂತ್ಕೊಂಡು?” ಅಂದರು. ಚಿಕ್ಕಪ್ಪ ತಕ್ಷಣ “ಇಲ್ಲಮ್ಮ, ಗಿಡುಗ” ಅಂದುಬಿಟ್ಟರು. ಅಮ್ಮನ ಎದುರು ಆಡಿದ ಮಾತು ತಪ್ಪಬಾರದು ಅಂತ ಆಮೇಲೂ ಗಿಡುಗವನ್ನೇ ಉಳಿಸಿಕೊಂಡರು. ಆ ಗಿಡುಗ ಈವರೆಗೆ ನಾಲ್ಕು ಸಲ ಸತ್ತಿದೆ.

2024ರ ಹೊಸ ನಿಯಮ ಬಂದಮೇಲೆ ಇದೆಲ್ಲ ಸ್ವಲ್ಪ ಬದಲಾಗಿದೆ. ಅಲ್ಲಿ ವಾರ್ ಕಾಸ್ಟರ್ ತೆಗೆದುಕೊಂಡರೆ ಜೊತೆಗೆ ಒಂದು ಅಂಕವೂ ಬರುತ್ತದೆ. ಮೊದಲ ಲೆವೆಲ್‌ನಲ್ಲೇ ಎಲ್ಲರಿಗೂ ಒಂದು ಫೀಟ್ ಇದೆ. ಹುಡುಗ ಅದಕ್ಕೆ ಹೋಗೋಣ ಅಂತ ಕೇಳಿದ್ದ. ಅರ್ಧ ದಾರಿಯಲ್ಲಿ ಬೇಡ ಅಂತ ನಾವೆಲ್ಲ ಅಂದೆವು.

ಎರಡು ವಾರ ಮುಗಿದ ಮೇಲಿನ ಭಾನುವಾರ ಪುಷ್ಯ ಮಳೆ ಜೋರಾಗಿತ್ತು. ನಾಲ್ಕು ಗಂಟೆಗೇ ಉಪ್ಪರಿಗೆ ಕತ್ತಲಾಗಿ, ಕರೆಂಟೂ ಹೋಯಿತು. ಕೋಟೆಯ ಎರಡನೇ ಬಾಗಿಲ ಮುಂದೆ ನಿಂತಿದ್ದೆವು. ನಾನು ಮೂವರಿಗೂ ಬ್ಲೆಸ್ ಹಾಕಿ ಬಾಗಿಲ ಎದುರು ಗುರಾಣಿ ಹಿಡಿದು ನಿಂತೆ. ಹೊಸ ಗದೆ, ಸಾಲ ಮಾಡಿ ಕೊಂಡದ್ದು. ಗೋಡೆಯ ಮೇಲಿನಿಂದ ಅಣ್ಣ ಮೂರು ಬಾಣ ಬಿಟ್ಟ. ಮೂರೂ ತಾಗಿದವು.

ಮೊದಲ ಸಲ ಎರಡು ದಾಳ ಹಾಕಿದೆ. 4 ಮತ್ತು 11. ಉಳಿಯಿತು. ಎರಡನೇ ಸಲ 15 ಮತ್ತು 6. ಉಳಿಯಿತು. ಮೂರನೇ ಸಲ ಒಂದು ದಾಳ ಚಾಪೆಯ ಮೇಲೆ ನಿಂತಿತು, 3. ಇನ್ನೊಂದು ಉರುಳಿಕೊಂಡು ಹೋಗಿ ಹಳೆಯ ಪತ್ತಾಯದ ಅಡಿಗೆ ಸೇರಿತು.

“ಯಾರೂ ಮುಟ್ಟಬೇಡಿ” ಅಂದ ಅಣ್ಣ. ಚಿಕ್ಕಪ್ಪ ಟಾರ್ಚ್ ಹಿಡಿದು, ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೆನ್ನೆ ತಾಗಿಸಿ ಬಗ್ಗಿದರು. ತಂಗಿ ನನ್ನ ತೋಳು ಹಿಡಿದುಕೊಂಡಿದ್ದಳು. ಹೆಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ.

“ಹದಿನೇಳು” ಅಂದರು ಚಿಕ್ಕಪ್ಪ, ಪತ್ತಾಯದ ಅಡಿಯಿಂದಲೇ.

ಮುಂದಿನ ಸರದಿ ಹುಡುಗನದು. ಅವನು ಗೋಡೆಯ ಸಂದಿಯಲ್ಲಿ ಮುಕ್ಕಾಲು ಅಡಗಿದ್ದ ಬಿಲ್ಲುಗಾರನತ್ತ ಬೆರಳು ತೋರಿಸಿ, ದಾಳ ಕೈಗೆ ತೆಗೆದುಕೊಂಡ.